ಹೂಂ ಕಲಿತ ಯಂತ್ರ

ಚಳಿ ಕಾಲ್ತೆಗೆದಿತ್ತು, ಬಿಸಿಲು ಇನ್ನೂ ಹದವಾಗಿತ್ತು. ಬೂರುಗದ ಕಾಯಿ ಒಡೆದು ಅದರ ಅರಳೆ ಬೀದಿಯ ತುಂಬ ಯಾರ ಹಂಗೂ ಇಲ್ಲದೆ ತೇಲುತ್ತಿತ್ತು. ಮನೆಯೊಡತಿ ಅಜ್ಜಿ ಅಂಗಳದಲ್ಲಿ ಹಳೆಯ ಹಾಸಿಗೆಯೊಂದರ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಚಾಪೆಯ ಮೇಲೆ ಹರವಿ, ಸಣ್ಣ ಕೋಲಿನಿಂದ ಬಡಿಯುತ್ತಿದ್ದರು. ಬೀದಿಗೆ ಮುಖಮಾಡಿದ ಅಂಗಡಿಯಲ್ಲಿ ದರ್ಜಿಯ ಮಿಷನ್ನು ಟರ್ ಎಂದು ಓಡಿ, ನಿಂತು, ಮತ್ತೆ ಓಡುತ್ತಿತ್ತು. ಮಾಳಿಗೆಯ ಕೋಣೆಯಲ್ಲಿ ಹುಡುಗನೊಬ್ಬ ಪುಸ್ತಕ ತೆರೆದಿಟ್ಟುಕೊಂಡು, ಕಿಟಕಿಯಾಚೆ ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ನಿಂತಿದ್ದ ಒಂದು ಅರಳೆಯ ಎಳೆಯನ್ನೇ ನೋಡುತ್ತಿದ್ದ.

"ಏನಪ್ಪಾ, ನೀರಿನ ಮೋಟಾರು ಹಾಕಿದ್ಯಾ?" ಅಜ್ಜಿ ಕೆಳಗಿನಿಂದ ಕೂಗಿದರು.

"ಹೂಂ."

"ಆರಿಸಿದ್ಯಾ?"

"ಹೂಂ."

"ಕರೆಂಟೇ ಇಲ್ಲ, ಅದು ಹೇಗೆ ಹಾಕಿ ಆರಿಸಿದ್ಯೋ ಮಾರಾಯ?"

"ಹೂಂ."

ಇದಕ್ಕೇ ಬೀದಿಯವರು ಅವನಿಗೆ ಹೂಂರಾಯ ಎಂದು ಹೆಸರಿಟ್ಟಿದ್ದರು. ಹುಡುಗ ಕೆಟ್ಟವನಲ್ಲ. ಯಾರ ಮಾತಿಗೂ ಎದುರಾಡಿದವನಲ್ಲ. ಎದುರಾಡಬೇಕಾದರೆ ಮೊದಲು ಮಾತು ಕಿವಿಗೆ ಬೀಳಬೇಕಲ್ಲ! ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಓದುತ್ತಿದ್ದ. ಅದರಲ್ಲೂ ಯಂತ್ರಕ್ಕೆ ಬುದ್ಧಿ ಕಲಿಸುವ ವಿದ್ಯೆ. ಯಂತ್ರಕ್ಕೆ ಕಲಿಸುವುದರಲ್ಲಿ ತನ್ನ ಬುದ್ಧಿಯನ್ನು ಎಲ್ಲೋ ಮೇಯಲು ಬಿಟ್ಟಿದ್ದ, ಅದು ಹೊತ್ತು ಮುಳುಗಿದರೂ ಕೊಟ್ಟಿಗೆಗೆ ಬರುತ್ತಿರಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವನು ಆರಿಸಿಕೊಂಡ ವಿಷಯ ಮಾತ್ರ ಸೊಗಸಾಗಿತ್ತು. ನಮ್ಮ ಜನ ಹೂಂ ಅನ್ನುವುದು ಎರಡು ಥರ. ಒಂದು, ಕೇಳಿ ಒಪ್ಪಿ ಅನ್ನುವ ಹೂಂ. ಇನ್ನೊಂದು, ಕೇಳದೆಯೇ ಸುಮ್ಮನೆ ಹೂಂಗುಟ್ಟುವ ಹೂಂ. ಎರಡಕ್ಕೂ ಅಕ್ಷರ ಒಂದೇ, ಒಳಗಿನ ಉಸಿರು ಬೇರೆ. ಹೂಂ ಕೇಳಿದ ಕೂಡಲೇ ಅದು ಯಾವ ಜಾತಿಯದೆಂದು ಯಂತ್ರ ಪರದೆಯ ಮೇಲೆ ಬರೆದು ತೋರಿಸಬೇಕು: 'ಒಪ್ಪಿದ್ದಾರೆ' ಅಥವಾ 'ಕೇಳಿಸಿಕೊಂಡಿಲ್ಲ'. ಪರೀಕ್ಷೆ ಅವತ್ತು ಮಧ್ಯಾಹ್ನವೇ. ಹೋದ ವರ್ಷ ಇದೇ ಪರೀಕ್ಷೆಯಲ್ಲಿ ಅವನು ಡುಮ್ಕಿ ಹೊಡೆದಿದ್ದ. "ಈ ಸಲವೂ ಆಗಲಿಲ್ಲ ಅಂದ್ರೆ ಓದಿದ್ದು ಸಾಕು, ನಮ್ಮ ಇಟ್ಟಿಗೆ ಗೂಡಿಗೆ ಬಂದು ನಿಂತ್ಕೋ," ಎಂದು ಚಿಕ್ಕಪ್ಪ ಖಡಾಖಂಡಿತ ಹೇಳಿದ್ದರು. ಆ ಮಾತಿಗೂ ಹುಡುಗ ಹೂಂ ಅಂದಿದ್ದ. ಅದೊಂದು ಮಾತ್ರ ಪೂರ್ತಿ ಕೇಳಿಸಿತ್ತು.

ಫೋನು ಕಿರುಗುಟ್ಟಿತು. ಪ್ರಾಜೆಕ್ಟಿನಲ್ಲಿ ಅವನಿಗೆ ನೆರವಾಗುತ್ತಿದ್ದ ಸಹಪಾಠಿ ಹುಡುಗಿ. ತೆಳ್ಳಗಿದ್ದುದರಿಂದ ಎಲ್ಲರ ಬಾಯಲ್ಲೂ ಅವಳ ಹೆಸರು ಕಡ್ಡಿ. ಬೆಳಿಗ್ಗೆಯೇ ಲ್ಯಾಬಿಗೆ ಹೋಗಿ ಯಂತ್ರವನ್ನು ಪರೀಕ್ಷಿಸುತ್ತಿದ್ದಳು.

"ಲೋ, ಕೆಟ್ವಿ ಕಣೋ. ಏನು ಕೊಟ್ರೂ ಇದು 'ಕೇಳಿಸಿಕೊಂಡಿಲ್ಲ' ಅಂತಿದೆ. ವಾಚ್‌ಮನ್ ಅಂಕಲ್‌ಗೆ ರಜ ಬೇಕಾ ಅಂತ ಕೇಳಿದೆ. ಪಾಪ, ಎದೆ ತುಂಬಿ ಹೂಂ ಅಂದ್ರು. ಅದಕ್ಕೂ ಕೇಳಿಸಿಕೊಂಡಿಲ್ಲ ಅಂತು!"

"ಯಾಕೆ ಹೀಗೆ?"

"ಯಾಕೇಂದ್ರೆ ನೀನು ಅದಕ್ಕೆ ತಿನ್ನಿಸಿರೋದೆಲ್ಲ ನಿನ್ನ ಹೂಂಗಳೇ. ಬರೀ ಕಾಗೆ ತೋರಿಸಿ ಬೆಳೆಸಿದ ಮಗು ನವಿಲನ್ನೂ ಕಾಗೆ ಅನ್ನುತ್ತೆ. ಒಪ್ಪಿ ಅಂದಿರೋ ಹೂಂ ಒಂದು ಮೂಟೆ ಬೇಕು, ಈಗಲೇ."

"ಅಷ್ಟೊಂದು ಎಲ್ಲಿಂದ ತರಲಿ?"

"ಯಾರಿಗೆ ಏನು ಬೇಕೋ ಅದನ್ನೇ ಮಾಡಿಕೊಡಲಾ ಅಂತ ಕೇಳು. ತಾನಾಗೇ ಬರುತ್ತೆ. ಫೋನಲ್ಲಿ ಹಿಡಿದು ಕಳಿಸ್ತಾ ಇರು, ನಾನು ಉಣಿಸ್ತೀನಿ."

ಹೂಂರಾಯ ಫೋನು ಹಿಡಿದು ಮೆಟ್ಟಿಲಿಳಿದ. "ಅಜ್ಜೀ, ಈ ಹಾಸಿಗೆ ನಾನು ತುಂಬಿಕೊಡಲಾ?"

ಅಜ್ಜಿಯ ಕೋಲು ಗಾಳಿಯಲ್ಲೇ ನಿಂತಿತು. ಬಾಡಿಗೆಗೆ ಬಂದಂದಿನಿಂದ ಈ ಹುಡುಗ ತಾನಾಗಿ ಬಾಯಿಬಿಟ್ಟದ್ದು ಇದೇ ಮೊದಲು. "ಹೂಂ!" ಅಂದರು ಅಜ್ಜಿ. ಎಂಥ ಹೂಂ! ತುಂಬಿದ ಕೊಡ ಕೆಳಗಿಟ್ಟ ಹಾಗಿತ್ತು. ಹುಡುಗ ಅದನ್ನು ಹಿಡಿದು ಕಳಿಸಿ, ಹೊರಡಲು ತಿರುಗಿದ.

"ಎಲ್ಲಿಗೆ? ತುಂಬಿಕೊಡ್ತೀನಿ ಅಂದೆಯಲ್ಲ."

"ಅಂದರೆ... ಸುಮ್ಮನೆ ಕೇಳಿದ್ದು ಅಜ್ಜಿ."

"ನೀನು ಸುಮ್ಮನೆ ಕೇಳಿರಬಹುದು, ನಾನು ಸುಮ್ಮನೆ ಹೂಂ ಅನ್ನಲಿಲ್ಲ. ಕೂತ್ಕೋ."

ಹುಡುಗ ಕೂತು ತುಂಬಿದ. ಹತ್ತಿ ಮೂಗಿಗೆ ಹೋಗಿ ಸೀನು ಬಂತು. ಸೀನಿದರೆ ಹತ್ತಿ ಹಾರಿತು. ಹಾರಿದ್ದನ್ನು ಹಿಡಿಯಲು ಹೋದರೆ ತುಂಬಿದ್ದು ಹೊರಗೆ ಬಂತು. ಅರ್ಧ ಹಾಸಿಗೆ ಎದ್ದು ನಿಲ್ಲುವ ಹೊತ್ತಿಗೆ ಅವನು ಉಣ್ಣೆ ಕತ್ತರಿಸದ ಕುರಿಯಂತೆ ಕಾಣುತ್ತಿದ್ದ. "ಪರೀಕ್ಷೆ ಮುಗಿಸಿ ಬಂದು ಉಳಿದದ್ದು ತುಂಬ್ತೀನಿ," ಎಂದು ಬೇಡಿಕೊಂಡು ಎದ್ದ. "ನಿನ್ನನ್ನ ನಂಬೋದಾ? ನಾನೂ ಬರ್ತೀನಿ ನಡಿ," ಎಂದು ಅಜ್ಜಿ ಚಪ್ಪಲಿ ಹುಡುಕತೊಡಗಿದರು.

ಅಂಗಡಿಯಲ್ಲಿ ದರ್ಜಿ ದೊಡ್ಡ ಆಳಿಗೆ ಹೊಲಿಯುತ್ತಿದ್ದ ಕೋಟೊಂದನ್ನು ಎತ್ತಿ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದ. ಬಾಯಿತುಂಬ ಗುಂಡುಪಿನ್ನು. ಕೋಟಿನ ಒಡೆಯನಿಗೆ ಬಂದು ನಿಲ್ಲಲು ಪುರುಸೊತ್ತಿರಲಿಲ್ಲ.

"ಮಾವ, ಅಳತೆಗೆ ನಾನು ನಿಂತುಕೊಳ್ಳಲಾ?"

"ಹೂಂ," ಅಂದ ದರ್ಜಿ. ಪಿನ್ನಿನ ನಡುವೆ ಬಂದರೂ ಅಪ್ಪಟ ಹೂಂ. ಕಣ್ಣುಮುಚ್ಚಿ ತೆಗೆಯುವುದರೊಳಗೆ ಕೋಟು ಹುಡುಗನ ಮೈಮೇಲಿತ್ತು. ಒಳಗೆ ಇನ್ನಿಬ್ಬರು ಹೂಂರಾಯರು ಹಿಡಿಸುವಷ್ಟು ಜಾಗವಿತ್ತು.

"ಬಿಗಿಯಾಯ್ತಾ?" ಹುಡುಗ ಕೇಳಿದ.

"ಹೂಂ."

"ಇನ್ನೂ ನಿಲ್ಲಬೇಕಾ?"

"ಹೂಂ."

ಬಾಯಲ್ಲಿ ಪಿನ್ನಿರುವ ತನಕ ದರ್ಜಿಗೆ ಬೇರೆ ಮಾತಿಲ್ಲ. ಹುಡುಗನಿಗೆ ಸುಗ್ಗಿಯೋ ಸುಗ್ಗಿ. ಕೇಳಿದ್ದೇ ಕೇಳಿದ್ದು, ಕಳಿಸಿದ್ದೇ ಕಳಿಸಿದ್ದು. ಆದರೆ ಹೊರಡಲು ಹೋದಾಗ ತೋಳು ಬೆನ್ನಿಗೆ, ಬೆನ್ನು ಕಾಲರಿಗೆ ಪಿನ್ನಿನಿಂದ ಚುಚ್ಚಿಕೊಂಡಿತ್ತು; ಬಿಚ್ಚಿದರೆ ಬೆಳಗಿನ ಕೆಲಸವೆಲ್ಲ ಹಾಳು. ದರ್ಜಿ ಕೈಸನ್ನೆ ಮಾಡಿದ: ನೀನು ನಡಿ, ನಾನು ದಾರಿಯಲ್ಲೇ ಮುಗಿಸ್ತೀನಿ.

ಮುಂದಿನದು ಕ್ಷೌರಿಕನ ಅಂಗಡಿ. ಗೋಡೆಯ ಮೇಲೆ ಹೊಸ ನಮೂನೆಯ ತಲೆಯ ಚಿತ್ರ ಅಂಟಿಸಿಕೊಂಡು, ಅದನ್ನು ಯಾರ ಮೇಲೆ ಕಲಿಯಲಿ ಎಂದು ಅವನು ಬೀದಿ ನೋಡುತ್ತ ನಿಂತಿದ್ದ. ನನ್ನ ತಲೆ ಕೊಡಲಾ ಎಂದು ಹುಡುಗ ಕೇಳಿದ, ಅವನು ಹೂಂ ಅಂದ. ಆ ಹೂಂ ಕಳಿಸುವುದರೊಳಗೆ ಕತ್ತರಿ ಒಂದು ಕಿವಿಯಿಂದ ಹೊರಟು ನೆತ್ತಿ ಮುಟ್ಟಿತ್ತು.

"ಸಾಕು ಬಾರೋ! ಯಂತ್ರ ಈಗ ಸರಿಹೋಯ್ತು. ಮೇಷ್ಟ್ರು ಬಂದು ಕೂತಿದ್ದಾರೆ!" ಕಡ್ಡಿ ಫೋನಿನಲ್ಲಿ ಕಿರುಚಿದಳು.

ಹುಡುಗ ಎದ್ದು ಓಡಿದ. ಹಿಂದೆ ಕೋಟಿನ ಅಂಚು ಹಿಡಿದ ದರ್ಜಿ, ಅವನ ಹಿಂದೆ ಕತ್ತರಿ ಹಿಡಿದ ಕ್ಷೌರಿಕ, ಎಲ್ಲರ ಹಿಂದೆ ಸೊಂಟ ಹಿಡಿದುಕೊಂಡ ಅಜ್ಜಿ. "ಏನಂತೆ?" ಅಂತ ದಾರಿಯವರು ಕೇಳಿದರು. "ಏನು ಕೇಳಿದ್ರೂ ಮಾಡಿಕೊಡ್ತಾನಂತೆ!" ಅಂತ ಯಾರೋ ಅಂದರು. ಅದೊಂದು ಮಾತಿಗೆ ಇನ್ನೂ ನಾಲ್ಕಾರು ಜನ ಸೇರಿಕೊಂಡರು.

ಪರೀಕ್ಷೆಯ ಕೋಣೆ ತಂಪಾಗಿತ್ತು. ಮಧ್ಯಾಹ್ನದ ಬೆಳಕು ಉದ್ದನೆಯ ಮೇಜುಗಳ ಮೇಲೆ ಮಲಗಿತ್ತು, ಫ್ಯಾನು ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ತಿರುಗುತ್ತಿತ್ತು. ಹಿರಿಯ ಮೇಷ್ಟ್ರು ಅರೆಗಣ್ಣು ಮುಚ್ಚಿ ಕುರ್ಚಿಗೆ ಒರಗಿದ್ದರು. ಅವರ ಮುಂದೆ ಮೈಕು; ಅವರ ತಲೆಯ ಹಿಂದಿನ ಗೋಡೆಯ ಮೇಲೆ ದೊಡ್ಡ ಪರದೆ. ಬೀದಿಯವರೆಲ್ಲ ಹಿಂದಿನ ಬೆಂಚುಗಳಲ್ಲಿ ಕೂತರು.

"ಸರ್, ಮೊದಲು ನಾವು ಧ್ವನಿಯ ಏರಿಳಿತ ಹಿಡೀತೀವಿ," ಹುಡುಗ ಶುರು ಮಾಡಿದ.

"ಹೂಂ," ಅಂದರು ಮೇಷ್ಟ್ರು.

ಪರದೆಯ ಮೇಲೆ ಮೂಡಿತು: ಕೇಳಿಸಿಕೊಂಡಿಲ್ಲ.

ಹುಡುಗ ಮುಂದುವರಿಸಿದ. "ಆಮೇಲೆ ಸರ್, ಉಸಿರು ಎಲ್ಲಿ ನಿಲ್ಲುತ್ತೆ ಅಂತ ನೋಡ್ತೀವಿ."

"ಹೂಂ."

ಕೇಳಿಸಿಕೊಂಡಿಲ್ಲ.

ಪರೀಕ್ಷೆಗೆ ಬಂದಿದ್ದ ಸಹಪಾಠಿಗಳೆಲ್ಲ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. ಹೂಂರಾಯ ಲೆಕ್ಕ ಹಾಕಿದ: ಯಂತ್ರ ತಪ್ಪಿದೆ ಅಂದರೆ ತಾನು ಫೇಲು. ಯಂತ್ರ ಸರಿ ಅಂದರೆ ಮೇಷ್ಟ್ರ ಮರ್ಯಾದೆ ಹರಾಜು, ಆಗಲೂ ತಾನೇ ಫೇಲು. ಅವನು ಮೆಲ್ಲಗೆ ಸರಿದು ಪರದೆಗೆ ಅಡ್ಡ ನಿಂತು ಕೋಟನ್ನು ರೆಕ್ಕೆಯ ಹಾಗೆ ಬಿಡಿಸಿದ. ಅಂಚಿನ ಪಿನ್ನು ಕಳಚಿದ್ದೇ ತಡ, ದರ್ಜಿ ಎದ್ದು ಬಂದು ಅವನನ್ನು ಪಕ್ಕಕ್ಕೆಳೆದು ಪಿನ್ನು ಚುಚ್ಚಿದ.

ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಗಟ್ಟಿಯಾಗಿ ಓದಿದರು. "ಕೇ-ಳಿ-ಸಿ-ಕೊಂ-ಡಿ-ಲ್ಲ. ಯಾರಿಗಪ್ಪಾ ಹೇಳ್ತಿದೆ ಅದು?"

ಮೇಷ್ಟ್ರು ಕಣ್ಣು ತೆರೆದರು. ತಿರುಗಿ ಪರದೆ ನೋಡಿದರು.

"ನಿಜ," ಅಂದರು ನಿಧಾನವಾಗಿ. "ನಾನು ಒಂದಕ್ಷರವೂ ಕೇಳಿಸಿಕೊಂಡಿಲ್ಲ. ಹಿತ್ತಲಲ್ಲಿ ಬದನೆ ಗಿಡಕ್ಕೆ ಹುಳ ಬಿದ್ದಿದೆ, ಅದನ್ನೇ ಯೋಚಿಸ್ತಿದ್ದೆ. ಇಷ್ಟು ವರ್ಷದಲ್ಲಿ ನಮ್ಮ ಮನೆಯವರನ್ನ ಬಿಟ್ರೆ ಇದನ್ನ ಕಂಡುಹಿಡಿದದ್ದು ನಿನ್ನ ಯಂತ್ರವೇ ಕಣಯ್ಯ. ಭೇಷ್!"

ಕೋಣೆ ಚಪ್ಪಾಳೆಯಿಂದ ತುಂಬಿತು. ಹುಡುಗನ ಮೈಯಿಂದ ಯಾರೋ ಕಲ್ಲಿನ ಮೂಟೆ ಇಳಿಸಿದಂತಾಯಿತು. ಗೆದ್ದೆ, ಅಂದುಕೊಂಡ. ಮೇಜಿನ ಮೇಲಿನ ಬೆಳಕು ಕರಗಿ ಹೊಳೆಯಾಯಿತು. ಹೊಳೆಯಾಚೆ ಚಿಕ್ಕಪ್ಪನ ಇಟ್ಟಿಗೆ ಗೂಡು, ಅದರ ಹೊಗೆ ಎಳೆಎಳೆಯಾಗಿ ಬಿಡಿಸಿಕೊಂಡು ಮೋಡಕ್ಕೆ ಸೇರುತ್ತಿತ್ತು. ಗೂಡಿನ ಮುಂದೆ ಚಿಕ್ಕಪ್ಪ ಚಿಕ್ಕದಾಗುತ್ತ, ಇನ್ನೂ ಚಿಕ್ಕದಾಗುತ್ತ, "ಪಾಸಾದೆಯಾ ಮಗನೇ, ಪಾಸಾದೆಯಾ?" ಎಂದು ಟವೆಲು ಬೀಸುತ್ತಿದ್ದರು. ತಾನು ದೋಣಿಯಲ್ಲಿದ್ದ. ದೋಣಿಗೆ ಹುಟ್ಟು ಬೇಕಿರಲಿಲ್ಲ. ದಡದಲ್ಲಿ ಮೇಷ್ಟ್ರ ದನಿ ಎಲ್ಲೋ ಜೀರುಂಡೆಯ ಹಾಗೆ ಗುಂಯ್‌ಗುಟ್ಟಿ ನಿಂತಿತು.

"ಹೂಂ," ಅಂದ ಹುಡುಗ.

ಅಜ್ಜಿ ಹಣೆ ಚಚ್ಚಿಕೊಂಡರು. ದರ್ಜಿಯ ಬಾಯಿಂದ ಪಿನ್ನುಗಳು ಉದುರಿದವು. ಹುಡುಗ ಬೆಚ್ಚಿ ಪರದೆ ನೋಡಿದ.

ಕೇಳಿಸಿಕೊಂಡಿಲ್ಲ.

"ಸರ್ ಏನು ಕೇಳಿದ್ರು ಗೊತ್ತೇನೋ ನಿಂಗೆ?" ಕಡ್ಡಿಗೆ ಅಳು ಬರುವುದೊಂದು ಬಾಕಿ. "'ಒಪ್ಪಿದ ಹೂಂ ಹೇಗಿರುತ್ತೆ ತೋರಿಸು, ನಿನ್ನನ್ನ ಪಾಸು ಮಾಡಲೇನಪ್ಪಾ' ಅಂತ ಕೇಳಿದ್ರು!"

"ಕೇಳಿಸ್ತು ಸರ್! ಚೆನ್ನಾಗೇ ಕೇಳಿಸ್ತು!"

"ಕೇಳಿಸಿತ್ತು ಅಂದ್ರೆ ನಿನ್ನ ಯಂತ್ರ ಹೇಳಿದ್ದು ಸುಳ್ಳು," ಅಂದರು ಮೇಷ್ಟ್ರು. "ಸುಳ್ಳು ಹೇಳೋ ಯಂತ್ರಕ್ಕೆ ಹೇಗೆ ಪಾಸು ಕೊಡ್ಲಿ?"

"ಹಾಗಾದ್ರೆ... ಕೇಳಿಸಲಿಲ್ಲ ಸರ್."

"ಹಾಗಾದ್ರೆ ಯಂತ್ರ ಸರಿ. ಯಂತ್ರ ಪಾಸು. ಅದು ಇಲ್ಲೇ ಇರ್ಲಿ, ನಮ್ಮ ಮೀಟಿಂಗಿಗೆ ಬೇಕಾಗುತ್ತೆ. ಆದರೆ ಪಾಸಾಗೋಕೆ ನೀನಿನ್ನೂ ಒಪ್ಪಿಲ್ಲವಲ್ಲಯ್ಯ."

"ಇನ್ನೊಂದೇ ಒಂದು ಸಲ ಕೇಳಿ ಸರ್, ಕೈಮುಗೀತೀನಿ!"

"ಪರೀಕ್ಷೆಯಲ್ಲಿ ಪ್ರಶ್ನೆ ಕೇಳೋದು ಒಂದೇ ಸಲ." ಮೇಷ್ಟ್ರು ಎದ್ದು ಹೆಗಲ ಮೇಲೆ ಕೈಯಿಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬದನೆ ಗಿಡದ ಚಿಂತೆ ಮಾತ್ರ ಇತ್ತು. "ನೋಡು, ನೀನು ಹೇಳಿದ್ದನ್ನ ನಾನು ಕೇಳಲಿಲ್ಲ. ನಾನು ಕೇಳಿದ್ದನ್ನ ನೀನು ಕೇಳಲಿಲ್ಲ. ಲೆಕ್ಕ ಚುಕ್ತಾ. ಮುಂದಿನ ವರ್ಷ ಬಾ."