ಡೇವಿಡ್ಡರ ಅಪ್ಪನಿಗೆ ನಾನು ಹಾಕಿದ ಬೈಂಡು

ಹೊಸ ಪುಸ್ತಕ ಕಂಡರೆ ಕೆಲವರಿಗೆ ಓದಬೇಕೆನ್ನಿಸುತ್ತದೆ. ನನಗೆ ಬೈಂಡು ಹಾಕಬೇಕೆನ್ನಿಸುತ್ತದೆ. ಇದು ಮೈಸೂರಿನಲ್ಲಿ ಹತ್ತಿದ ಚಟ. ಶಾಲೆ ತೆರೆಯುವ ಮುನ್ನಾದಿನ ನಮ್ಮಪ್ಪ ನೆಲದ ಮೇಲೆ ಬ್ರೌನ್ ಪೇಪರ್ ಹರಡಿಕೊಂಡು ಕೂತರೆಂದರೆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಮೂಲೆಯ ಮಡಿಕೆ ಕೂದಲೆಳೆಯಷ್ಟು ಸೊಟ್ಟಗಾದರೂ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು. ಇತಿಹಾಸದ ಪುಸ್ತಕದೊಳಗೆ ಏನಿತ್ತೆಂದು ಇವತ್ತಿಗೂ ನನಗೆ ಗೊತ್ತಿಲ್ಲ, ಅದರ ಬೈಂಡು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ದೋಹಾಕ್ಕೆ ಬಂದು ಹದಿನಾಲ್ಕು ವರ್ಷವಾದರೂ ಚಟ ಬಿಟ್ಟಿಲ್ಲ. ಅಲ್ ಮುಂತಜಾದ ನಮ್ಮ ಫ್ಲಾಟಿನಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್ಕು, ಸೋಫಾಕ್ಕೆ ಬಟ್ಟೆ, ಆ ಬಟ್ಟೆ ಕೊಳೆಯಾಗದಿರಲೆಂದು ಅದರ ಮೇಲೆ ಇನ್ನೊಂದು ಬಟ್ಟೆ. ಸೋಫಾದ ಬಣ್ಣ ಯಾವುದೆಂದು ಮರೆತೇ ಹೋಗಿದೆ.

ಇಂಥ ನನ್ನ ಕೈಗೆ ಡೇವಿಡ್ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ಅವರು ನಮ್ಮ ಆಫೀಸಿನ ಹಿರಿಯ ಎಂಜಿನಿಯರು, ಅಮೆರಿಕದವರು. ತಿಂಗಳ ರಜೆಗೆ ಹೊರಟಿದ್ದರು, ಮನೆಗೆ ಪೇಂಟ್ ಹೊಡೆಸುವುದಿತ್ತು. ಪೆಟ್ಟಿಗೆಯಲ್ಲಿ ಹನ್ನೊಂದು ಹಳೆಯ ಪುಸ್ತಿಕೆಗಳಿದ್ದವು. ಅವರ ದೇಶದಲ್ಲಿ ಕಾಲೇಜುಗಳ ಫುಟ್‌ಬಾಲ್ ಪಂದ್ಯ ನೋಡಲು ಬಂದವರಿಗೆ, ಆಟಗಾರರ ಪಟ್ಟಿ, ಜಾಹೀರಾತು ಎಲ್ಲ ಸೇರಿಸಿ ಹೀಗೊಂದು ಪುಸ್ತಿಕೆ ಮಾರುತ್ತಿದ್ದರಂತೆ. "ಮುಖಪುಟದ ಚಿತ್ರ ಬರೆದದ್ದು ನನ್ನಪ್ಪ. ಅವನದೆಂದು ನನ್ನ ಹತ್ತಿರ ಉಳಿದಿರೋದು ಇಷ್ಟೇ" ಎಂದರು ಡೇವಿಡ್. ನಾನು ಎದೆಯ ಮೇಲೆ ಕೈಯಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ ಎಂದೆ.

ಮನೆಗೆ ಬಂದು ಬಿಚ್ಚಿದರೆ, ಅಬ್ಬಬ್ಬಾ, ಏನು ಚಿತ್ರಗಳು! ಚರ್ಮದ ಟೊಪ್ಪಿಗೆಯ ಹುಡುಗನೊಬ್ಬ ಅವರ ಫುಟ್‌ಬಾಲಿನ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ಕದ್ದ ಹಲಸಿನಹಣ್ಣಿನೊಂದಿಗೆ ಬೇಲಿ ಹಾರುವವನ ಹಾಗೆ ಹಾರುತ್ತಿದ್ದಾನೆ. ಸ್ವೆಟರ್ ತೊಟ್ಟ ನಾಯಿಯೊಂದು ಕಹಳೆ ಊದುತ್ತಿದೆ. ಕೋಟಿನ ಮೇಲೆ ದೊಡ್ಡ ಹಳದಿ ಹೂ ಸಿಕ್ಕಿಸಿಕೊಂಡ ಹುಡುಗಿಯನ್ನು ಕಂಡು ನನ್ನ ಹೆಂಡತಿ ಸುಮಾ, "ರೀ, ಸೇವಂತಿಗೆ ಕಣ್ರೀ! ಪಾಪ, ಜಡೆ ಇಲ್ಲ, ಕೋಟಿಗೆ ಮುಡಿದಿದ್ದಾಳೆ!" ಎಂದು ಕುಣಿದಾಡಿದಳು. ಆ ಆಟದ ತಲೆಬುಡ ಗೊತ್ತಿಲ್ಲದ ನಾವಿಬ್ಬರೂ ಅನ್ನಕ್ಕಿಟ್ಟ ಕುಕ್ಕರಿನ ಕೂಗು ಎಣಿಸುವುದನ್ನೂ ಮರೆತು ನೋಡಿದೆವು.

ಮರುದಿನ ಧೂಳಿನ ಗಾಳಿ ಎದ್ದಿತು. ಕಿಟಕಿ ಮುಚ್ಚಿದ್ದರೂ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಮರಳು. ಪುಸ್ತಿಕೆಗಳ ಮೇಲೂ ಇದೇ ಬಿದ್ದರೆ? ಕೆಳಗಿನ ಸ್ಟೇಷನರಿ ಅಂಗಡಿಗೆ ಓಡಿದೆ. ಅಂಗಡಿಯ ಇಬ್ರಾಹಿಂ ಪುತ್ತೂರಿನ ಕಡೆಯವರು. "ಎಂತ ಮಾರಾಯ್ರೆ, ಶಾಲೆ ಶುರುವಾಗಿ ಎಷ್ಟು ಸಮಯ ಆಯ್ತು, ಈಗ ಯಾಕೆ ಬ್ರೌನ್ ಪೇಪರ್? ಇಷ್ಟೇ ಉಂಟು, ಮತ್ತೆ ಖಲಾಸ್" ಎಂದು ಉಳಿದದ್ದನ್ನೆಲ್ಲ ಸುತ್ತಿಕೊಟ್ಟರು. ಮೊದಲ ಪುಸ್ತಿಕೆಗೆ, ಬೈಂಡು ಜಾರದಿರಲೆಂದು, ಎರಡೂ ಬದಿ ಅಂಟುವ ಟೇಪನ್ನು ಚಿತ್ರದ ಮೇಲೇ ಹಚ್ಚಿದೆ. ಅಷ್ಟಕ್ಕೇ ಟೇಪು ಮುಗಿದದ್ದು ಮಿಕ್ಕ ಹತ್ತರ ಪುಣ್ಯ. ಪ್ರತಿಯೊಂದಕ್ಕೂ ಲೇಬಲ್ ಅಂಟಿಸಿ, 'ಹೆಸರು: ಡೇವಿಡ್. ವಿಷಯ: ಫುಟ್‌ಬಾಲ್' ಎಂದು ಇಂಗ್ಲಿಷಿನಲ್ಲಿ ದುಂಡಗೆ ಬರೆದೆ. ತರಗತಿಯ ಜಾಗ ಮಾತ್ರ ಖಾಲಿ ಬಿಟ್ಟೆ. ಮಗಳು ಬಂದು, "ಅಪ್ಪಾ, ಪಿಕ್ಚರ್ಸ್ ಎಲ್ಲಾ ಹೈಡ್ ಆಯ್ತಲ್ಲ?" ಎಂದಳು. ಈಗಿನ ಮಕ್ಕಳಿಗೆ ವಸ್ತುಗಳ ಬೆಲೆ ಗೊತ್ತಿಲ್ಲ ಎಂದುಕೊಂಡೆ.

ರಜೆ ಮುಗಿಸಿದ ಡೇವಿಡ್ ನೇರ ನಮ್ಮ ಮನೆಗೇ ಬಂದರು. ಪೆಟ್ಟಿಗೆ ತೆರೆದು ಬಹಳ ಹೊತ್ತು ನೋಡಿ, "ನನ್ನಪ್ಪ ಎಲ್ಲಿ?" ಎಂದರು.

"ಒಳಗೆ ಕ್ಷೇಮವಾಗಿದ್ದಾರೆ" ಎಂದೆ, ಹೆಮ್ಮೆಯಿಂದ.

ಒಂದೊಂದಾಗಿ ಬಿಚ್ಚಿದೆವು. ಹಾರುವ ಹುಡುಗ ಬಂದ, ಸೇವಂತಿಗೆಯವಳು ಬಂದಳು. ಹತ್ತರಲ್ಲೂ ಒಂದು ಗೀರಿರಲಿಲ್ಲ. ಕೊನೆಗುಳಿದ, ಟೇಪು ಹಚ್ಚಿದ ಹನ್ನೊಂದನೆಯದು ಪರ್ರೆಂದಿತು. ಸ್ವೆಟರಿನ ನಾಯಿಯ ಬಾಲ ಬ್ರೌನ್ ಪೇಪರಿಗೆ ಅಂಟಿಕೊಂಡು ಬಂದಿತ್ತು. ಸುಮಾ ಬಾಯಿಗೆ ಸೆರಗು ಮುಚ್ಚಿಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಡೇವಿಡ್ ಆ ತುಣುಕನ್ನು ಮೆಲ್ಲಗೆ ಎತ್ತಿಕೊಂಡರು. "ಅಪ್ಪ ಈ ನಾಯಿ ಬರೆಯುವಾಗ ನನಗೆ ಐದು ವರ್ಷ. ಹಟ ಮಾಡಿದೆನೆಂದು ಬಾಲ ಬರೆಯೋಕೆ ನನಗೇ ಬಿಟ್ಟ. ಕೋಲಿನ ಹಾಗಿದೆ, ನೋಡಿ. ತಿದ್ದದೆ ಹಾಗೇ ಅಚ್ಚಿಗೆ ಕೊಟ್ಟ" ಎಂದರು. ಆಮೇಲೆ, ನಾನು ಅಳುವ ಹಾಗಿದ್ದುದನ್ನು ಕಂಡೋ ಏನೋ, ಗಹಗಹಿಸಿ ನಕ್ಕರು. "ಹೋಗಲಿ ಬಿಡಿ. ಅಪ್ಪನದೆಲ್ಲ ಉಳಿಯಿತು, ಹರಿದದ್ದು ನನ್ನದು. ಇದು ನಿಮಗಿರಲಿ" ಎಂದು ತುಣುಕನ್ನು ನನ್ನ ಅಂಗೈಯಲ್ಲಿಟ್ಟರು. ಅವರ ದೊಡ್ಡತನಕ್ಕೆ ನನ್ನ ಕಣ್ಣು ತುಂಬಿತು.

ಅವರು ಲಿಫ್ಟ್ ಇಳಿಯುವ ಮೊದಲೇ ನಾನು ಮೆಟ್ಟಿಲಿಳಿದು ಇಬ್ರಾಹಿಂ ಅಂಗಡಿ ಸೇರಿ, ಬಾಲಕ್ಕೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದೆ. ಸುಮಾ ಅದನ್ನು ತಿರುಗಿಸಿ ನೋಡಿ, "ನಾಯಿ ಬಾಲ ಡೊಂಕು ಅಂತಾರೆ. ಇದು ನೆಟ್ಟಗೇ ಇದೆಯಲ್ರೀ. ಡೊಂಕು ನೀವೇ" ಎಂದಳು. ನಾನಾಗಲೇ ಲ್ಯಾಮಿನೇಷನ್ನಿಗೆ ಗೀರು ಬೀಳದಿರಲೆಂದು ಅದನ್ನು ಹಾಕಿಡಲು ಒಂದು ಪ್ಲಾಸ್ಟಿಕ್ ಕವರು ಹುಡುಕುತ್ತಿದ್ದೆ.