ಒಂದೇ ಚೆಂಡಿನ ಲೀಗ್ ಆಟಗಾರ

ಹಾಸ್ಟೆಲ್ ವಾರ್ಡನ್ ಆಗಿ ಮಕ್ಕಳನ್ನು ಬೆಳಗಿನ ಜಾವ ಎಬ್ಬಿಸಿ ವ್ಯಾಯಾಮ ಮಾಡಿಸಿದವನು ನಾನು. ನಿವೃತ್ತಿಯ ಬಳಿಕ ಎಬ್ಬಿಸಲು ಯಾರೂ ಇಲ್ಲದೆ ಒಬ್ಬನೇ ಎದ್ದು ಮಾಡುತ್ತಿದ್ದೇನೆ. ಆದ್ದರಿಂದ ಕಡಬದ ಅಂಡರ್‌ಆರ್ಮ್ ಕ್ರಿಕೆಟ್ ಲೀಗಿಗೆ ನಮ್ಮೂರ ತಂಡದಲ್ಲಿ ಒಬ್ಬ ಕಡಿಮೆ ಬಿದ್ದು, ನಾಯಕ ಹರೀಶ ಮನೆಗೆ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಯಿತಲ್ಲ ಎನಿಸಿತು!

“ಈ ಪ್ರಾಯದಲ್ಲಿ ಎಂತ ಆಟ ಮಾರಾಯ್ರೆ? ಮೊನ್ನೆ ಸೊಂಟ ಹಿಡಿದು ಮಲಗಿದ್ದು ಮರೆತುಹೋಯ್ತಾ?” ಎಂದಳು ಹೆಂಡತಿ.

“ಒಂದು ರನ್ನು ಹೊಡೆದು ಬರ್ತೇನೆ” ಎಂದೆ. ಲೀಗಿನಲ್ಲಿ ನನ್ನ ಹೆಸರಿಗೆ ಒಂದು ರನ್ನು. ಆಸೆ ಅಷ್ಟೇ.

ಬೆಳಿಗ್ಗೆ ಮೈದಾನದಲ್ಲಿ ನಿಯಮ ಹೇಳಲು ಎಲ್ಲರನ್ನೂ ಕರೆದರು. ನಾನು ಹೋಗಲಿಲ್ಲ. ಅದು ನನ್ನ ವ್ಯಾಯಾಮದ ಸಮಯ. ಅಲ್ಲದೆ, ಕ್ರಿಕೆಟ್ಟಿನ ನಿಯಮವನ್ನು ಈ ಹುಡುಗರಿಂದ ಕಲಿಯಬೇಕೆ?

ಸೆಮಿಫೈನಲ್ ತನಕ ನನ್ನ ಸರದಿ ಬರಲೇ ಇಲ್ಲ. ಅಲ್ಲಿ ಬಂತು. ಕೊನೆಯ ವಿಕೆಟ್, ಕೊನೆಯ ಚೆಂಡು, ಗೆಲ್ಲಲು ಎರಡು ರನ್!

“ಸರ್, ಬ್ಯಾಟ್ ಸ್ವಲ್ಪ ತಾಗಿಸಿ ಓಡಿ, ಸಾಕು. ಜೋರು ಹೊಡೀಲಿಕ್ಕೆ ಹೋಗ್ಬೇಡಿ” ಎಂದು ಎದುರು ತುದಿಯಲ್ಲಿದ್ದ ಹರೀಶ ಕೈಮುಗಿದ.

ಓಡುವುದೆ? ಈ ಸೊಂಟದಲ್ಲಿ? ಕಣ್ಣು ಮುಚ್ಚಿ ಬೀಸಿದೆ. ಚೆಂಡು ಬೌಲರನ ತಲೆಯನ್ನೂ ಬೇಲಿಯನ್ನೂ ದಾಟಿ ಪಕ್ಕದ ರಬ್ಬರ್ ತೋಟಕ್ಕೆ ಬಿತ್ತು. ಸಿಕ್ಸರ್! ಬ್ಯಾಟೆತ್ತಿ ನಾಲ್ಕೂ ದಿಕ್ಕಿಗೆ ವಂದಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಂಪೈರ್ ಮಾತ್ರ ಕೈ ಎತ್ತಿದ. ಒಂದೇ ಬೆರಳು.

“ಔಟಾ? ಎಂತಕ್ಕೆ?”

“ನೆಲಕ್ಕೆ ತಾಗದೆ ಬೇಲಿ ದಾಟಿದ್ರೆ ಔಟ್ ಸರ್. ರಬ್ಬರ್ ಹಾಲು ಹಿಡಿಯಲಿಕ್ಕೆ ಮರಕ್ಕೆ ಕಟ್ಟಿದ ಗೆರಟೆ ಉರುಳ್ತದೆ ಅಂತ ತೋಟದವರ ಗಲಾಟೆ ಉಂಟು. ಬೆಳಿಗ್ಗೆ ಹೇಳಿದ್ದಲ್ವಾ? ಹೊಡೆದವರೇ ಹೆಕ್ಕಿ ತರ್ಬೇಕು ಅಂತ್ಲೂ ಹೇಳಿದ್ದೇನೆ.”

ಹರೀಶ ಮೈದಾನದ ನಡುವೆ ಕೂತೇಬಿಟ್ಟ.

ಬೇಲಿ ನುಸುಳಿ, ಸೊಳ್ಳೆಗಳ ಘನ ಉಪಸ್ಥಿತಿಯಲ್ಲಿ ಶೋಧಕಾರ್ಯ ಆರಂಭಿಸಿದೆ. ಚೆಂಡು ಸಿಕ್ಕಿತು. ಬಗ್ಗಿ ಹೆಕ್ಕುವಾಗ ಸೊಂಟ ಹಿಡಿಯಿತು. ಆಧಾರಕ್ಕೆಂದು ಮರ ಹಿಡಿದರೆ ಗೆರಟೆ ಮಗುಚಿ ಹೊಸ ಜೆರ್ಸಿಗೆಲ್ಲ ಹಾಲಿನ ಅಭಿಷೇಕವಾಯಿತು!

ಚೆಂಡನ್ನು ಬೇಲಿಯಾಚೆ ಎಸೆದೆ. ಅಂಪೈರ್ ಕೂಗಿದ: “ಸರ್, ಹೇಗೂ ಅಲ್ಲೇ ಇದ್ದೀರಲ್ಲ, ಫೈನಲ್ ಮುಗಿಯುವ ತನಕ ನಿಲ್ತೀರಾ? ಚೆಂಡು ಬಂದ್ರೆ ಹೆಕ್ಕಿ ಕೊಡಿ.”

ಹರೀಶನ ಮುಖ ನೋಡುವುದಕ್ಕಿಂತ ಸೊಳ್ಳೆಯೇ ವಾಸಿ ಎನಿಸಿತು. ನಿಂತೆ. ನಮ್ಮ ತಂಡದಿಂದ ಫೈನಲ್ ತಲುಪಿದವನು ನಾನೊಬ್ಬನೇ! ಆದರೆ ಆಟ ಮುಗಿಯುವವರೆಗೂ ತೋಟಕ್ಕೆ ಒಂದು ಚೆಂಡೂ ಬರಲಿಲ್ಲ.

ಉಳಿದವರೆಲ್ಲ ನಿಯಮ ಕೇಳಿಸಿಕೊಂಡಿದ್ದರು.