ಹುಲುಗಪ್ಪನ ಪ್ರಾರ್ಥನೆ ಚಿಕ್ಕದಾದ ಭಾನುವಾರ

ಎಲ್ಲ ತಾಪತ್ರಯಕ್ಕೂ ಮೂಲ ಬಳ್ಳಾರಿಯಿಂದ ಬಂದ ಒಂದು ಕಾಗದ. ಬರೆದವರು ಮಿಶನ್ನಿನ ಅಯ್ಯನವರು, ಅಂದರೆ ಆ ಸೀಮೆಯ ಸಭೆಗಳಿಗೆಲ್ಲ ದೊಡ್ಡ ಪಾದ್ರಿಗಳು. ಬಂದದ್ದು ರಾಯದುರ್ಗದ ಪುಟ್ಟ ಸಭೆಯ ಉಪದೇಶಿ ಸಮಾಧಾನಪ್ಪನಿಗೆ.

"ಈ ವರ್ಷ ಪ್ರತಿಯೊಂದು ಸಭೆಯೂ ತನ್ನಲ್ಲಿ ಒಂದು ಬದಲಾವಣೆ ಮಾಡಿಕೊಳ್ಳತಕ್ಕದ್ದು. ದೊಡ್ಡದು ಬೇಡ. ಸಣ್ಣದೇ ಸಾಕು, ಆದರೆ ಬಾಳಿಕೆ ಬರಬೇಕು. ಆಗಸ್ಟಿನ ಮೂರನೇ ಭಾನುವಾರ ಬಂದು ನೋಡುತ್ತೇನೆ. ಮಡಕಶಿರಕ್ಕೆ ವರ್ಗ ಕೇಳಿ ತಾವು ಬರೆದ ಅರ್ಜಿಯ ವಿಚಾರವನ್ನೂ ಅಂದೇ ಮಾತಾಡೋಣ."

ಕೊನೆಯ ಸಾಲನ್ನು ಸಮಾಧಾನಪ್ಪ ನಾಲ್ಕು ಸಲ ಓದಿದ. ನಾಲ್ಕು ವರ್ಷದಿಂದ ಕೇಳುತ್ತಿದ್ದ ವರ್ಗ ಅದು. ಮಡಕಶಿರದಲ್ಲಿ ಮಗಳು ಸಲೋಮಿ ಇದ್ದಳು, ಮೂರನೆಯದಕ್ಕೆ ಆಗಷ್ಟೇ ಬಸುರಿ. ಅಲ್ಲಿಯ ಸಭೆಯೆಂದರೆ ಒಂಬತ್ತೇ ಮನೆ. ರಾಯದುರ್ಗದಲ್ಲಾದರೋ ಹದಿನೆಂಟು ಮನೆ, ಹದಿನೆಂಟು ಬಾಯಿ. ಇಪ್ಪತ್ತೆರಡು ವರ್ಷದಿಂದ ಘಂಟೆ ಹೊಡೆಯುವವನು, ಚಾಪೆ ಹಾಸುವವನು, ಮಕ್ಕಳಿಗೆ ಅಕ್ಷರ ಹೇಳುವವನು, ಸತ್ತವರನ್ನು ಮಣ್ಣು ಮಾಡುವವನು ಎಲ್ಲ ಅವನೊಬ್ಬನೇ. ಐವತ್ತಾರಕ್ಕೇ ಅವನು ಎಪ್ಪತ್ತರವನ ಹಾಗೆ ಕಾಣುತ್ತಿದ್ದ. ಸಾಕಾಗಿತ್ತು ಅವನಿಗೆ, ನಿಜವಾಗಿ ಸಾಕಾಗಿತ್ತು. ವರ್ಗದ ಸುದ್ದಿಯನ್ನು ಹೆಂಡತಿ ಕರುಣಮ್ಮನಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸಭೆಯವರು ಅಡ್ಡಗಾಲು ಹಾಕುತ್ತಾರೆಂಬ ಭಯ.

ಬದಲಾವಣೆಗೆ ಅವನು ಪಟ್ಟ ಪಾಡು ಒಂದೆರಡಲ್ಲ. ಜನ ಹೊತ್ತಿಗೆ ಸರಿಯಾಗಿ ಬರಲೆಂದು ಘಂಟೆಯನ್ನು ಅರ್ಧ ತಾಸು ಮೊದಲೇ ಹೊಡೆದು ನೋಡಿದ. ಜನ "ಇದು ಮೊದಲ್ನೇದು, ಇನ್ನೊಂದು ಹೊಡೀತಾನ" ಎಂದುಕೊಂಡು ಮತ್ತಷ್ಟು ತಡಮಾಡಿದರು. ಹಾಡುವಾಗ ಹೆಂಗಸರು ಹರಟೆ ಹೊಡೆಯಬಾರದೆಂದು ಹೇಳಿದ. ಅವರು ಹಾಡುವುದನ್ನೇ ಬಿಟ್ಟರು. ಹೀಗೆ ತಿಂಗಳುಗಳು ಉರುಳಿ, ಅಯ್ಯನವರು ಬರುವ ಭಾನುವಾರದ ಬೆಳಗು ಹರಿದಾಗ ಸಭೆ ಇದ್ದ ಹಾಗೇ ಇತ್ತು.

ಉಳಿದದ್ದು ಒಂದೇ ದಾರಿ. ಹುಲುಗಪ್ಪನ ಪ್ರಾರ್ಥನೆ.

ಹುಲುಗಪ್ಪ ಸಭೆಯ ಹಿರಿಯ. ದೀಕ್ಷಾಸ್ನಾನದ ದಿನ ಅವನಿಗೆ ಅಬ್ರಹಾಮ ಎಂದು ಹೆಸರಿಟ್ಟಿದ್ದರು. ಅಬ್ರಹಾಮ ರಿಜಿಸ್ಟರಿನಲ್ಲಿ ಉಳಿದ, ಊರಲ್ಲಿ ಓಡಾಡಿದವನು ಹುಲುಗಪ್ಪನೇ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ, ಓದುಬರಹ ಚೆನ್ನಾಗಿ ಬರುತ್ತಿತ್ತು. ಭಾನುವಾರ ಮೊದಲ ಹಾಡು ಮುಗಿದ ಮೇಲೆ ಸಭೆಯ ಪರವಾಗಿ ಪ್ರಾರ್ಥನೆ ಮಾಡುವುದು ಅವನ ಪಾಲಿನ ಕೆಲಸ. ಶನಿವಾರದೊಳಗೆ ಮನೆಮನೆಯವರೂ ಬಂದು ತಮ್ಮ ತಮ್ಮ ಬೇಡಿಕೆಯನ್ನು ಅವನ ಕಿವಿಗೆ ಹಾಕಿ ಹೋಗುವುದು ಅಲ್ಲಿಯ ಪದ್ಧತಿ. ಒಬ್ಬರದು ಮಗಳ ಸಂಬಂಧ, ಒಬ್ಬರದು ಹೊಟ್ಟೆನೋವು, ಒಬ್ಬರದು ನೇಮಕಲ್ಲಿನ ಬೀಗರ ಬುದ್ಧಿ. ಒಂದನ್ನೂ ಬಿಡುವಂತಿಲ್ಲ. ಬಿಟ್ಟರೆ ಆ ಮನೆಯವರು ಮದುವೆಗೆ ಕರೆಯದ ನಂಟರ ಹಾಗೆ ಮುನಿಸಿಕೊಳ್ಳುತ್ತಿದ್ದರು. ಹೋದ ವರ್ಷ ತಿಪ್ಪಕ್ಕನ ಎಮ್ಮೆಯನ್ನು ಮರೆತದ್ದಕ್ಕೆ ಆಕೆ ಆರು ವಾರ ಆರಾಧನೆಗೆ ಬರಲಿಲ್ಲ. ಬಂದ ಮೇಲೂ ಒಂದು ತಿಂಗಳು ಎಮ್ಮೆಯನ್ನು ಮೊದಲು, ಮಿಶನ್ನಿಗೆ ಹಣ ಕಳಿಸುವ ಲಂಡನ್ನಿನ ದೊರೆಗಳನ್ನು ಆಮೇಲೆ ಹೇಳಬೇಕಾಯಿತು.

ಹೀಗಾಗಿ ಪ್ರಾರ್ಥನೆ ಗಡಿಯಾರದ ಲೆಕ್ಕದಲ್ಲಿ ಒಂದು ಗಂಟೆ, ಮೊಣಕಾಲಿನ ಲೆಕ್ಕದಲ್ಲಿ ಮೂರು ದಿನ ಹಿಡಿಯುತ್ತಿತ್ತು.

ಬೆಳಕು ಹರಿಯುವುದೇ ತಡ, ಸಮಾಧಾನಪ್ಪ ಹುಲುಗಪ್ಪನ ಮನೆಗೆ ಹೋದ. ಹುಲುಗಪ್ಪ ಬಾಗಿಲಲ್ಲಿ ನಿಂತು ಬೇವಿನ ಕಡ್ಡಿ ಜಗಿಯುತ್ತಿದ್ದ.

"ಹುಲುಗಪ್ಪಾ, ಒಂದು ಮಾತು. ಸಿಟ್ಟಾಗಬ್ಯಾಡ."

"ಹೇಳ್ರಿ ಮೇಷ್ಟ್ರ."

"ಇವತ್ತ ಪ್ರಾರ್ಥನಿ ಸ್ವಲ್ಪ ಸಣ್ಣದು ಮಾಡಾಕ ಆಗ್ತದೇನು?"

ಕಡ್ಡಿ ನೆಲಕ್ಕೆ ಬಿತ್ತು. ಬೈಗುಳ ಬರುತ್ತದೆಂದು ಸಮಾಧಾನಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಹುಲುಗಪ್ಪ ಮಾತ್ರ ಕಟ್ಟೆಯ ಮೇಲೆ ಕುಸಿದು ಕುಳಿತ.

"ನಿಮ್ಮ ಬಾಯಿಗೆ ಸಕ್ಕರಿ ಹಾಕ್ಬೇಕ್ರಿ ಮೇಷ್ಟ್ರ! ನನಗೇನು ಅದು ಖುಷಿ ಅಂತ ತಿಳ್ಕೊಂಡೀರಿ? ಶನಿವಾರ ಬಂತಂದ್ರ ಕೂಳು ಸೇರಂಗಿಲ್ಲ. ಯಾರ್ದು ಹೇಳ್ಬೇಕು, ಯಾರ್ದು ಬಿಟ್ಟೆ ಅಂತ ನಿದ್ದ್ಯಾಗೂ ಎಣಿಸ್ತೀನಿ. ಆದ್ರ ನಾನಾಗಿ ಬಿಟ್ರ ಚರ್ಮ ಸುಲೀತಾರ. ನೀವ ಹೋಗಿ ಒಪ್ಪಿಸ್ರಿ. ಅವರವರು ತಮ್ಮದು ಹಿಂದಕ್ಕ ತಗೊಂಡ್ರ ಮೂರ ಮಾತಿನಾಗ ಆಮೆನ್ ಅಂತೀನಿ."

ಸಮಾಧಾನಪ್ಪ ಮೊದಲು ಹೋದದ್ದು ತಿಪ್ಪಕ್ಕನ ಮನೆಗೆ. ಕಷ್ಟದ್ದನ್ನು ಮೊದಲು ಮುಗಿಸೋಣವೆಂಬ ಲೆಕ್ಕ. ತಿಪ್ಪಕ್ಕ ಎಲ್ಲ ಕೇಳಿಸಿಕೊಂಡು ತಲೆದೂಗಿದಳು.

"ಭೇಷಾತು ಮೇಷ್ಟ್ರ. ಎಲ್ಲಾರ್ದೂ ತೆಗೀರಿ, ನಾ ಬ್ಯಾಡ ಅನ್ನಂಗಿಲ್ಲ. ನಂದೊಂದು ಇರ್ಲಿ."

"ಎಲ್ಲಾರೂ ಹಿಂಗ ಅಂದ್ರ ಹೆಂಗವ್ವಾ?"

"ಎಲ್ಲಾರ ಹತ್ರ ಎಮ್ಮಿ ಎಲ್ಲೈತ್ರಿ?"

ಸಮಾಧಾನಪ್ಪನಿಗೆ ಇನ್ನೂ ಹದಿನೇಳು ಮನೆ ಬಾಕಿ ಇತ್ತು. ಹೊತ್ತು ಬೇರೆ ಏರುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: "ಆತು ತಾಯಿ. ಅಲ್ಲಿ ಬ್ಯಾಡ, ನಾನ ಸೋಮವಾರ ನಿಮ್ಮನಿಗೆ ಬಂದು ಎಮ್ಮಿ ಮುಂದನ ನಿಂತು ಪ್ರಾರ್ಥನಿ ಮಾಡ್ತೀನಿ."

ತಿಪ್ಪಕ್ಕನ ಮುಖ ಅರಳಿತು. "ಮುಟ್ಟಿ ಮಾಡ್ತೀರೇನ್ರಿ?"

"ಮುಟ್ಟೇ ಮಾಡ್ತೀನಿ."

ಅವನು ಪಕ್ಕದ ಮನೆಯ ಹೊಸ್ತಿಲು ತುಳಿಯುವಷ್ಟರಲ್ಲಿ ಸುದ್ದಿ ಗೋಡೆ ಹಾರಿ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮನೆಯ ಯಜಮಾನ ಸೂರಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಎಮ್ಮಿ ಇದ್ದೋರ ಮನಿಗೆ ಬರೋರು ಮನಶ್ಯಾರಿದ್ದ ಮನಿಗೆ ಯಾಕ ಬರಂಗಿಲ್ರಿ?" ಎಂದ. ಸೂರಪ್ಪನಿಗೂ ಸೋಮವಾರ ಗೊತ್ತಾಯಿತು. ಅದರಾಚೆಯ ಮನೆಗೂ ಸೋಮವಾರವೇ. ಮುಂದಿನ ಮೂರಕ್ಕೆ ಮಂಗಳವಾರ. ಹೀಗೆ ದಿನಕ್ಕೆ ಮೂರು ಮನೆಯಂತೆ ಹದಿನೆಂಟು ಮನೆಯೂ ಶನಿವಾರದೊಳಗೆ ಸರಿಯಾಗಿ ಹೊಂದಿಕೊಂಡವು.

ಸಮಾಧಾನಪ್ಪ ಕೆಟ್ಟವನಲ್ಲ. ಆದರೆ ಹಿಂದಿರುಗುವಾಗ ಅವನ ಮನಸ್ಸಿನಲ್ಲಿ ಒಂದು ಕಳ್ಳ ಯೋಚನೆ ಸುಳಿದದ್ದನ್ನು ಮುಚ್ಚಿಡುವುದು ತರವಲ್ಲ. ಇಂದು ವರ್ಗದ ಆರ್ಡರು ಕೈಗೆ ಬಂದರೆ ಈ ಹದಿನೆಂಟು ಮನೆಯ ಮಾತು ಮುಂದೆ ಬರುವ ಹೊಸ ಉಪದೇಶಿಯ ತಲೆಗೆ. ಎಮ್ಮೆಯನ್ನೂ ಅವನೇ ಮುಟ್ಟಲಿ.

ಬೆಳಗಿನ ರೈಲಿನಲ್ಲಿ ಅಯ್ಯನವರು ಬಂದರು. ಬಿಳಿ ಪೇಟ, ಕರಿ ಕೋಟು, ಕೈಯಲ್ಲಿ ಚರ್ಮದ ಚೀಲ. ಮಧ್ಯಾಹ್ನದ ರೈಲಿಗೆ ವಾಪಸು ಹೋಗಬೇಕೆಂದು ಸ್ಟೇಶನ್ನಿನಲ್ಲೇ ಹೇಳಿದರು. ಒಂಬತ್ತಕ್ಕೆ ಘಂಟೆಯಾಯಿತು. ಒಂಬತ್ತೂಕಾಲಕ್ಕೆ ಮೊದಲ ಹಾಡು ಮುಗಿಯಿತು. ಎಲ್ಲರೂ ಮೊಣಕಾಲೂರಿ ಕಣ್ಣು ಮುಚ್ಚಿದರು. ಹುಲುಗಪ್ಪ ಗಂಟಲು ಸರಿಮಾಡಿಕೊಂಡ.

"ಕರ್ತನೇ, ನಮ್ಮನ್ನು ನೀನು ಬಲ್ಲೆ. ನಮಗೆ ಬೇಕಾದದ್ದನ್ನೂ ಬಲ್ಲೆ. ನಿನ್ನ ಚಿತ್ತದಂತೆ ಕೊಡು. ಆಮೆನ್."

ಆಮೆನ್ ಎಂದು ಮರುನುಡಿದವರು ಯಾರೂ ಇಲ್ಲ. ಮುಂದಿನ ಸಾಲಿನ ಇಬ್ಬರು ಮುದುಕರು ಆಗಲೇ ವಾಡಿಕೆಯಂತೆ ನಿದ್ದೆಹೋಗಿದ್ದರು. ಅಯ್ಯನವರು ಕಣ್ಣು ತೆರೆದರು. ಸಮಾಧಾನಪ್ಪನೂ ತೆರೆದ. ತೆರೆದು, ಯಾಕಾದರೂ ತೆರೆದೆನೋ ಎಂದು ಹಲುಬಿದ.

ಇಪ್ಪತ್ತೆರಡು ವರ್ಷದಿಂದ ಅವನು ಕಣ್ಣು ಮುಚ್ಚಿದ್ದಾಗ ನಡೆಯುತ್ತಿದ್ದದ್ದು ಈಗ ಕಣ್ಣೆದುರಿಗಿತ್ತು. ಒಳಗಿದ್ದವರು ಹನ್ನೊಂದೇ ಜನ. ಉಳಿದ ಸಭೆಯೆಲ್ಲ ವಾರವಾರದ ರೂಢಿಯಂತೆ ಆಗತಾನೆ ಬಾಗಿಲಲ್ಲಿ ಒಳಗೆ ನುಸುಳುತ್ತಿತ್ತು. ಸೂರಪ್ಪ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ತುದಿಗಾಲಲ್ಲಿ, ಹಾಲಿಗೆ ಹೋಗುವ ಬೆಕ್ಕಿನಂತೆ ಬರುತ್ತಿದ್ದವನು, ಅಯ್ಯನವರ ಕಣ್ಣಿಗೆ ಕಣ್ಣು ಕೂಡಿದ ಕೂಡಲೆ ಒಂಟಿಕಾಲಲ್ಲೇ ನಿಂತುಬಿಟ್ಟ. ಅವನ ಹಿಂದೆ ತಿಪ್ಪಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಅವಳ ಹಿಂದೆ ಇನ್ನೂ ಮೂವತ್ತು ಜನ.

"ಇವರೆಲ್ಲ ಯಾರು?" ಎಂದು ಕೇಳಿದರು ಅಯ್ಯನವರು.

"ಸಭೆಯವರೇ, ಅಯ್ಯನವರೇ" ಎಂದ ಸಮಾಧಾನಪ್ಪ, ನೆಲ ಬಾಯಿಬಿಡಬಾರದೇ ಎಂದುಕೊಳ್ಳುತ್ತ.

"ಪ್ರತಿ ವಾರವೂ ಹೀಗೆಯೇ ತಡವಾಗಿ ಬರುತ್ತಾರೆಯೇ?"

ತಿಪ್ಪಕ್ಕನಿಗೆ ಅವಮಾನವಾಯಿತು. "ಇಲ್ರಿ ಅಯ್ಯನೋರ! ಯಾವ ವಾರಾನೂ ತಡ ಮಾಡಿದೋರಲ್ಲ ನಾವು. ನೀವು ಕಣ್ಣ ತೆರೆಯೋದ್ರಾಗ ಬಂದು ಕುಂತಿರ್ತೀವಿ. ಇವತ್ತ ನೀವ ಲಗೂನ ತೆರದೀರಿ."

ಅಯ್ಯನವರು ಬೈಬಲ್ ತೆಗೆದು ಪ್ರಸಂಗಕ್ಕೆ ನಿಂತರು. ಪ್ರಸಂಗ ನಡೆಯುವಷ್ಟು ಹೊತ್ತೂ ಸಮಾಧಾನಪ್ಪನ ಕಿವಿಗೆ ಒಂದಕ್ಷರ ಹೋಗಲಿಲ್ಲ. ವರ್ಗ ಕೈತಪ್ಪಿತು, ಸಲೋಮಿಯ ಹೆರಿಗೆಗೆ ಹತ್ತಿರವಿರುವ ಆಸೆ ಮುಗಿಯಿತು ಎಂದು ಅವನು ಅಲ್ಲೇ ಕುಳಿತು ಒಳಗೊಳಗೆ ಅತ್ತ.

ಆರಾಧನೆ ಮುಗಿದಾಗ ಹತ್ತೂವರೆ. ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಅಯ್ಯನವರು ಕುರ್ಚಿ ಹಾಕಿಸಿಕೊಂಡು ಕುಳಿತರು.

"ಒಂದು ಸಣ್ಣ ಬದಲಾವಣೆ ಮಾಡಿಕೊಳ್ಳಿರೆಂದು ಬರೆದಿದ್ದೆ. ಏನು ಮಾಡಿಕೊಂಡಿದ್ದೀರಿ?"

ಸಮಾಧಾನಪ್ಪ ಎದ್ದ. ಬಾಯಿ ತೆರೆಯುವ ಮೊದಲೇ ತಿಪ್ಪಕ್ಕ ಎದ್ದಳು. "ನಮ್ಮ ಮೇಷ್ಟ್ರು ಮನಿಮನಿಗೆ ಬಂದು ಪ್ರಾರ್ಥನಿ ಮಾಡ್ತಾರ್ರಿ. ಸೋಮವಾರ ನಂದು. ಎಮ್ಮಿ ಮುಟ್ಟಿ ಮಾಡ್ತಾರ."

"ನಂದೂ ಸೋಮವಾರರಿ" ಎಂದ ಸೂರಪ್ಪ.

"ನಮ್ದು ಮಂಗಳವಾರ!" "ನಮ್ದು ಶುಕ್ರವಾರ!" ಎಂದು ಸುತ್ತಲಿಂದ ಕೂಗು ಎದ್ದಿತು.

ಅಯ್ಯನವರ ಕಣ್ಣು ಅಗಲವಾಯಿತು. "ಹದಿನೆಂಟು ಮನೆಗೂ? ಪ್ರತಿ ವಾರವೂ?"

ಇಲ್ಲ, ಒಂದೇ ವಾರ, ಅದೂ ಬಾಯ್ಮಾತಿಗೆ ಎನ್ನಲು ಸಮಾಧಾನಪ್ಪ ಉಸಿರೆಳೆದುಕೊಂಡ. ಅಷ್ಟರಲ್ಲಿ ಹದಿನೆಂಟು ಮನೆಯವರೂ ಒಂದೇ ಕಂಠದಲ್ಲಿ "ಹೌದ್ರಿ!" ಎಂದರು. ಆ ಸಭೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಮಾತನ್ನು ಒಟ್ಟಿಗೆ ಹೇಳಿದ್ದು ಅದೇ ಮೊದಲು.

ಅಯ್ಯನವರು ಎದ್ದುಬಂದು ಸಮಾಧಾನಪ್ಪನ ಎರಡೂ ಕೈ ಹಿಡಿದುಕೊಂಡರು. "ಬೇರೆ ಊರುಗಳಲ್ಲಿ ಗೋಡೆಗೆ ಸುಣ್ಣ ಬಳಿದು ಬದಲಾವಣೆ ಅಂತ ತೋರಿಸಿದರು. ತಾವು ಮನೆಗಳ ಒಳಗೇ ಹೋಗಿದ್ದೀರಿ. ಇದು ಬಾಳುವಂಥದ್ದು."

ಚರ್ಮದ ಚೀಲ ತೆರೆದು ಮಡಿಸಿದ ಕಾಗದವೊಂದನ್ನು ತೆಗೆದರು. ಮಡಕಶಿರದ ಆರ್ಡರು. ಸಮಾಧಾನಪ್ಪನ ಹೆಸರು, ತಾರೀಖು, ಮೊಹರು, ಎಲ್ಲ ಇತ್ತು. ಅವನ ಕೈ ತಾನಾಗಿಯೇ ಮುಂದೆ ಹೋಯಿತು.

"ನಿಜ ಹೇಳುತ್ತೇನೆ. ಇಲ್ಲಿ ಇವರಿಂದ ಇನ್ನೇನೂ ಆಗದು, ಪಾಪ, ದಣಿದಿದ್ದಾರೆ, ಮಗಳ ಹತ್ತಿರ ಇರಲಿ ಎಂದುಕೊಂಡು ಇದನ್ನು ಬರೆದು ತಂದಿದ್ದೆ. ಈಗ ತಮ್ಮನ್ನು ಇಲ್ಲಿಂದ ಕಿತ್ತರೆ ಈ ಕೆಲಸ ನಾಳೆಗೇ ನಿಂತುಹೋಗುತ್ತದೆ. ಆ ಪಾಪ ನನಗೆ ಬೇಡ."

"ಅಯ್ಯನವರೇ, ನನ್ನ ಮಗಳು..."

"ಮಗಳ ಚಿಂತೆ ಬೇಡ. ಮಡಕಶಿರದವರನ್ನು ನಾನು ಕೈಬಿಡುವುದಿಲ್ಲ. ಅಲ್ಲಿ ಇರುವುದು ಒಂಬತ್ತು ಮನೆ. ಆರಾಧನೆಯನ್ನು ಎಳೆದಾಡದೆ ಹಿತಮಿತವಾಗಿ ನಡೆಸುವ ಒಬ್ಬರು ಸಾಕು. ಮೂವತ್ತು ವರ್ಷದಲ್ಲಿ ಇಂದು ಬೆಳಿಗ್ಗೆ ಕೇಳಿದಷ್ಟು ಚೊಕ್ಕವಾದ ಪ್ರಾರ್ಥನೆಯನ್ನು ನಾನು ಎಲ್ಲೂ ಕೇಳಿಲ್ಲ." ಅಯ್ಯನವರು ಸಮಾಧಾನಪ್ಪನ ಹೆಸರಿನ ಮೇಲೆ ಗೀಟೆಳೆದು, ಹುಲುಗಪ್ಪನ ಕಡೆ ತಿರುಗಿದರು. "ರಿಜಿಸ್ಟರಿನಲ್ಲಿ ತಮ್ಮ ಹೆಸರು ಏನು?"

"ಅಬ್ರಹಾಮ ಅಂತರಿ" ಎಂದ ಹುಲುಗಪ್ಪ, ಏನಾಗುತ್ತಿದೆಯೆಂದು ತಿಳಿಯದೆ.

ಮಧ್ಯಾಹ್ನದ ರೈಲು ಹೊರಟುಹೋದ ಮೇಲೆ ಸಮಾಧಾನಪ್ಪ, ಹುಲುಗಪ್ಪ ಇಬ್ಬರೂ ಸ್ಟೇಶನ್ನಿನಿಂದ ಒಟ್ಟಿಗೆ ಹಿಂದಿರುಗಿದರು. ಬಿಸಿಲು ಕೋಟೆಗುಡ್ಡದ ಬಂಡೆಗಳನ್ನು ಕಾಯಿಸುತ್ತಿತ್ತು. ಹುಲುಗಪ್ಪ ಆರ್ಡರನ್ನು ಅಂಗಿಯೊಳಗೆ ಇಟ್ಟುಕೊಂಡು, ಅಪರಾಧ ಮಾಡಿದವನ ಹಾಗೆ ತಲೆ ತಗ್ಗಿಸಿ ನಡೆಯುತ್ತಿದ್ದ.

"ನೀವು ಮಡಕಶಿರ ಕೇಳಿದ್ದು ನನಗ ಗೊತ್ತಿರ್ಲಿಲ್ರಿ ಮೇಷ್ಟ್ರ. ನನ್ನಾಣಿಗೂ ಗೊತ್ತಿರ್ಲಿಲ್ಲ."

"ನಾಕು ವರ್ಷದಿಂದ ಕೇಳಾಕತ್ತಿದ್ದೆ."

"ಯಾರ್ನ ಕೇಳಿದ್ರಿ?"

"ಅಯ್ಯನವರನ್ನ. ಮತ್ಯಾರನ್ನ ಕೇಳ್ಲಿ?"

ಹುಲುಗಪ್ಪ ರಸ್ತೆಯ ನಡುವೆ ನಿಂತ. "ಅಲ್ರಿ, ಊರ ಮಂದಿ ಎಲ್ಲಾ ಬಂದು ನನ್ನ ಕಿವಿಗೆ ಹಾಕಿ ಹೋಗ್ತಿದ್ರು. ನೀವು ಒಂದ ಶನಿವಾರಾನೂ ಬರ್ಲಿಲ್ಲಲ್ರಿ. ಒಂದ ಗಂಟಿ ಪ್ರಾರ್ಥನ್ಯಾಗ ನಿಮ್ದೊಂದು ಭಾರ ಆಗ್ತಿತ್ತೇನು?"

ಪ್ರತಿ ಭಾನುವಾರ ಆ ಒಂದು ಗಂಟೆಯೂ ಸಮಾಧಾನಪ್ಪ ಮಾಡಿದ್ದು ಇದು ಯಾವಾಗ ಮುಗಿಯುತ್ತದೋ ಎಂದು ಕಾದದ್ದೊಂದೇ.

"ಹೋಗ್ಲಿ ಬಿಡ್ರಿ" ಎಂದ ಹುಲುಗಪ್ಪ, ಅವನ ಹೆಗಲ ಮೇಲೆ ಕೈಯಿಟ್ಟು. "ಈಗೇನಾತು. ನಾ ಅಲ್ಲಿಗೆ ಹೋದ ಮ್ಯಾಲ ಬ್ಯಾರೆ ಏನೂ ಹೇಳಂಗಿಲ್ಲ, ದಿನಾ ನಿಮ್ಮ ವರ್ಗದ ಸಲುವಾಗೇ ಪ್ರಾರ್ಥನಿ ಮಾಡ್ತೀನಿ. ಹೇಳ್ರಿ ಮೇಷ್ಟ್ರ, ಯಾವ ಊರಿಗೆ ಅಂತ ಕೇಳ್ಲಿ?"

ಸಮಾಧಾನಪ್ಪ ಬಾಯಿ ತೆರೆದ. ಅವನಿಗೆ ಬೇಕಾಗಿದ್ದ ಊರು ಈ ಭೂಮಿಯ ಮೇಲೆ ಒಂದೇ ಇತ್ತು. ಅದರ ಆರ್ಡರು ಹುಲುಗಪ್ಪನ ಅಂಗಿಯೊಳಗಿತ್ತು.